ಜಾಲಿ ಕಟ್ಟಿಗೆ, ಹಳೆಯ ಡ್ರಮ್ಮು: ಮೀನಿಗೆ ಹೊಗೆ ಕೊಡುವ ಪೆಟ್ಟಿಗೆಯನ್ನು ನೀವೇ ಮಾಡಿಕೊಳ್ಳಿ



ಶಿವರಾತ್ರಿ ಕಳೆಯಿತೆಂದರೆ ನಮ್ಮ ಕಡೆಯ ಕೃಷಿಹೊಂಡಗಳ ನೀರು ತಳ ಮುಟ್ಟತೊಡಗುತ್ತದೆ. ಮಳೆಗಾಲದಲ್ಲಿ ಹೊಂಡಕ್ಕೆ ಕಟ್ಲಾ, ರೋಹು ಮರಿ ಬಿಟ್ಟ ರೈತನು ಆಗ ಒಂದೆರಡು ದಿನಗಳಲ್ಲೇ ಎಲ್ಲ ಮೀನನ್ನೂ ಹಿಡಿಯಬೇಕಾಗುತ್ತದೆ. ತಡ ಮಾಡಿದರೆ ಅವು ಉಳಿದ ಕೆಸರುನೀರಿನಲ್ಲಿ ಉಸಿರುಗಟ್ಟಿ ಸಾಯುತ್ತವೆ. ಹಿಡಿದ ಮೇಲೆ ಇನ್ನೊಂದು ಕಷ್ಟ. ಬಿಸಿಲು ಏರುವುದರೊಳಗೆ ಮೀನು ಮಾರಾಟವಾಗದಿದ್ದರೆ ಮಧ್ಯಾಹ್ನಕ್ಕೆ ಅದು ತಿಪ್ಪೆಯ ಪಾಲು. ಹಡಗಲಿ ಮಲ್ಲಿಗೆ ಬೆಳೆಯುವವರಿಗೆ ಈ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಬೆಳಗಿನ ಮೊಗ್ಗು ದಾರಿಯಲ್ಲೇ ಅರಳಿಬಿಟ್ಟರೆ ಅದರ ಬೆಲೆ ಹೋಯಿತು. ಕೊಳ್ಳುವವನಿಗೂ ಇದು ಗೊತ್ತು. ಆದ್ದರಿಂದ ಅವನು ಅವಸರ ಪಡುವುದಿಲ್ಲ, ಅವಸರವೆಲ್ಲ ಮಾರುವವನದು.

ತುಂಗಭದ್ರೆಯ ದಂಡೆಯ ಊರುಗಳಲ್ಲಿ ಬಲೆ ಬೀಸುವವರ ಪಾಡೂ ಇದೇ. ಒಂದು ದಿನ ಬಲೆ ಬರಿದು, ಮರುದಿನ ಹೊರಲಾರದಷ್ಟು ಮೀನು. ಮಂಜುಗಡ್ಡೆ ತರಲು ಪಟ್ಟಣಕ್ಕೆ ಹೋಗಬೇಕು. ಉಪ್ಪು ಸವರಿ ಮರಳಿನ ಮೇಲೆ ಒಣಗಿಸಿದರೆ ನೊಣ, ನಾಯಿ, ಧೂಳು. ಇವೆರಡನ್ನೂ ಬಿಟ್ಟು ಮೂರನೆಯ ದಾರಿಯೊಂದಿದೆ, ಅದೇ ಹೊಗೆ. ಕೊಡಗು, ಮಲೆನಾಡುಗಳ ಹಳೆಯ ಮನೆಗಳಲ್ಲಿ ಒಲೆಯ ಮೇಲೆ ಮಾಂಸ, ಮೀನು ತೂಗುಹಾಕುತ್ತಿದ್ದುದನ್ನು ನೀವು ಕೇಳಿರಬಹುದು. ಅದೇ ಕೆಲಸವನ್ನು ಚೊಕ್ಕಟವಾಗಿ, ಹದವರಿತು ಮಾಡಲು ಒಂದು ಕಬ್ಬಿಣದ ಪೆಟ್ಟಿಗೆ ಸಾಕು. ನಿಮ್ಮೂರಿನ ಟ್ರೇಲರ್, ಕುಂಟೆ ರಿಪೇರಿ ಮಾಡುವ ವೆಲ್ಡಿಂಗ್ ಅಂಗಡಿಯವರೇ ಇದನ್ನು ಕಟ್ಟಿಕೊಡಬಲ್ಲರು.

ಕಟ್ಟಿಗೆಯೂ ಹಿತ್ತಲಲ್ಲೇ ಇದೆ. ಹಳ್ಳ, ಕೆರೆಯಂಗಳ, ಬೀಳುಹೊಲಗಳನ್ನೆಲ್ಲ ನುಂಗಿ ನಿಂತಿರುವ ಬಳ್ಳಾರಿ ಜಾಲಿಯನ್ನು ಶಪಿಸದ ರೈತನಿಲ್ಲ. ಹೆಸರೇನೋ ನಮ್ಮ ಜಿಲ್ಲೆಯದು, ಹುಟ್ಟು ಮಾತ್ರ ಅಮೆರಿಕ ಖಂಡದ್ದು. 1870ರ ದಶಕದಲ್ಲಿ ಸೌದೆಗೆಂದು ಅದರ ಬೀಜವನ್ನು ಭಾರತಕ್ಕೆ ತಂದರು. ಇದರ ದಾಯಾದಿ ಮರವೊಂದು ಅಮೆರಿಕದ ಟೆಕ್ಸಾಸ್ ಸೀಮೆಯಲ್ಲಿ ಬೆಳೆಯುತ್ತದೆ. ಅಲ್ಲಿನವರು ಅದನ್ನು ಮೆಸ್ಕೀಟ್ ಎನ್ನುತ್ತಾರೆ. ಹೊಲಕ್ಕೆ ನುಗ್ಗುತ್ತದೆಂದು ಅಲ್ಲಿನ ದನಗಾಹಿಗಳೂ ಅದನ್ನು ಬೈಯುತ್ತಾರೆ; ಆದರೆ ಮಾಂಸ ಸುಡಲು, ಹೊಗೆ ಕೊಡಲು ಅದೇ ಕಟ್ಟಿಗೆಯನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ. ನಮ್ಮಲ್ಲಿ ಅದನ್ನು ಇದ್ದಿಲು ಸುಟ್ಟು ಮಾರುವುದಷ್ಟೇ ರೂಢಿಯಲ್ಲಿದೆ.

ಬೆಂಕಿ ಬೇರೆ, ಮೀನು ಬೇರೆ

ನಾನು ಮೊದಲ ಸಲ ಮಾಡಿದ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ. ಡ್ರಮ್ಮಿನ ತಳದಲ್ಲೇ ಬೆಂಕಿ ಹಾಕಿ ಮೇಲೆ ಜಾಲರಿಯಿಟ್ಟು ಮೀನು ಹರಡಿದ್ದೆ. ಕಟ್ಲಾದ ಹೊಟ್ಟೆಯ ಕೊಬ್ಬು ಕರಗಿ ಕೆಂಡಕ್ಕೆ ತೊಟ್ಟಿಕ್ಕಿತು; ಉರಿ ಭಗ್ಗೆಂದು ಎದ್ದಿತು. ಮೇಲೆಲ್ಲ ಕರಿಕು, ಮುಳ್ಳಿನ ಬಳಿ ಹಸಿ. ಮನೆಯವರು ಮುಟ್ಟಲಿಲ್ಲ.

ರುಚಿ ಕೆಡುವುದೊಂದೇ ಅಲ್ಲ. ಕೊಬ್ಬು ಕೆಂಡಕ್ಕೆ ಬಿದ್ದು ಏಳುವ ಹೊಗೆಯಲ್ಲಿ, ಕಟ್ಟಿಗೆ ಸರಿಯಾಗಿ ಉರಿಯದೆ ಬರುವ ಹೊಗೆಯ ಟಾರಿನಲ್ಲಿ ಕ್ಯಾನ್ಸರ್ ತರುವ ವಸ್ತುಗಳಿರುತ್ತವೆ. ಈ ಕಾರಣದಿಂದಲೇ ಆಫ್ರಿಕದ ಸೆನೆಗಾಲ್ ದೇಶದ ತಿಯಾರೊಯ್ ಎಂಬಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಹೊಸ ಮಾದರಿಯ ಮೀನಿನ ಒಲೆಯೊಂದನ್ನು ರೂಪಿಸಿದರು. ನಮ್ಮ ದೇಶದಲ್ಲೂ ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಮೀನಿಗೆ ಹೊಗೆ ಕೊಡುವ ಗೂಡುಗಳನ್ನು ಮಾಡಿದ್ದಾರೆ. ನಾವು ನೆನಪಿಡಬೇಕಾದುದು ಇಷ್ಟು: ಬೆಂಕಿ ಒಂದು ಪೆಟ್ಟಿಗೆಯಲ್ಲಿ, ಮೀನು ಇನ್ನೊಂದರಲ್ಲಿ, ನಡುವೆ ಹೊಗೆ ಹಾಯುವ ಕುತ್ತಿಗೆ.

ಡ್ರಮ್ಮಿನ ಆಯ್ಕೆ

ಮೀನಿನ ಗೂಡಿಗೆ 200 ಲೀಟರಿನ ಕಬ್ಬಿಣದ ಡ್ರಮ್ಮು ತಕ್ಕುದು. ಎತ್ತರ ಸುಮಾರು ಮೂರಡಿ, ಅಡ್ಡಗಲ ಎರಡಡಿಗೆ ತುಸು ಕಡಿಮೆ. ಮೇಲಿನ ಮುಚ್ಚಳ ಪೂರ್ತಿ ತೆಗೆಯಬರುವ, ಸುತ್ತ ಪಟ್ಟಿ ಬಿಗಿಯುವ ಡ್ರಮ್ಮು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಹಣ್ಣಿನ ರಸ, ಅಡುಗೆ ಎಣ್ಣೆ ತುಂಬಿದ್ದರೆ ಒಳ್ಳೆಯದು. ಕ್ರಿಮಿನಾಶಕ, ಆಸಿಡ್, ಬಣ್ಣ ತುಂಬಿದ್ದ ಡ್ರಮ್ಮು ಪುಕ್ಕಟೆ ಕೊಟ್ಟರೂ ಬೇಡ. ಎಷ್ಟು ತೊಳೆದರೂ, ಸುಟ್ಟರೂ ಅದನ್ನು ನಂಬುವಂತಿಲ್ಲ.

ಮೇಲ್ಭಾಗ ಮುಚ್ಚಿರುವ ಡ್ರಮ್ಮನ್ನೇ ಕತ್ತರಿಸಬೇಕಾಗಿ ಬಂದರೆ ಒಂದು ಮಾತು. ಖಾಲಿ ಕಾಣುವ ಡ್ರಮ್ಮು ಖಾಲಿಯಲ್ಲ. ತಳದಲ್ಲಿ ಒಂದು ಲೋಟ ಡೀಸೆಲ್ಲೋ ಥಿನ್ನರ್ರೋ ಉಳಿದಿದ್ದರೂ ಅದರ ಆವಿ ಒಳಗೆಲ್ಲ ತುಂಬಿರುತ್ತದೆ. ಗ್ಯಾಸ್ ಕಟ್ಟರ್ ತಾಗಿದೊಡನೆ ಅದು ಬಾಂಬಿನಂತೆ ಸಿಡಿದು ಪ್ರಾಣ ತೆಗೆಯಬಲ್ಲದು. ಎರಡೂ ಬಿರಡೆ ತೆಗೆದು, ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಮೂರು ನಾಲ್ಕು ಸಲ ಕುಲುಕಿ ತೊಳೆಯಿರಿ. ಆಮೇಲೂ ಬೆಂಕಿಯಿಂದ ಕೊಯ್ಯುವುದು ಬೇಡ. ಉಳಿ, ಸುತ್ತಿಗೆಯಿಂದ ಕತ್ತರಿಸಿ. ಹೊತ್ತು ಹಿಡಿದರೂ ಚಿಂತೆಯಿಲ್ಲ. ವೆಲ್ಡರ್ "ಏನೂ ಆಗಲ್ಲ ಬಿಡ್ರಿ" ಎಂದರೆ ಕೇಳಬೇಡಿ.

ತಗಡು ಮತ್ತು ಅಳತೆ

ಬೆಂಕಿಪೆಟ್ಟಿಗೆ ಮೀನಿನ ಗೂಡಿನ ಮೂರನೆಯ ಒಂದು ಪಾಲಿನಷ್ಟಿರಲಿ. ಉದ್ದ, ಅಗಲ, ಎತ್ತರ ಮೂರೂ 16 ಇಂಚು ಇಟ್ಟರೆ ಲೆಕ್ಕ ಸರಿಹೋಗುತ್ತದೆ. ಇದಕ್ಕೆ ಡ್ರಮ್ಮಿನ ತೆಳು ತಗಡು ಬಾಳುವುದಿಲ್ಲ. ಬೇಗ ಸೊಟ್ಟಗಾಗಿ ತೂತು ಬೀಳುತ್ತದೆ. 3 ಮಿಲಿಮೀಟರ್ ದಪ್ಪದ ಎಂ.ಎಸ್. ತಗಡು ತನ್ನಿ. ಒಂದು ಚದರ ಮೀಟರ್ ತಗಡು ಸುಮಾರು 23.5 ಕಿಲೋ ತೂಗುತ್ತದೆ. ಇಡೀ ಪೆಟ್ಟಿಗೆಗೆ ಹೆಚ್ಚುಕಡಿಮೆ ಅಷ್ಟೇ ಬೇಕು. ತಕ್ಕಡಿಯ ಮುಂದೆ ನಿಂತಾಗ ಈ ಲೆಕ್ಕ ನೆನಪಿರಲಿ. ಜಿ.ಐ. ತಗಡು, ಜಿ.ಐ. ಪೈಪು, ಜಿ.ಐ. ಜಾಲರಿ ಎಲ್ಲಿಯೂ ಬೇಡ. ಅದರ ಮೇಲಿನ ಸತುವಿನ ಲೇಪ ಬೆಂಕಿಗೆ ಕಾದರೆ ಕೆಟ್ಟ ಹೊಗೆ ಬರುತ್ತದೆ. ಅದನ್ನು ಬೆಸೆಯುವ ವೆಲ್ಡರಿಗೇ ರಾತ್ರಿ ಚಳಿಜ್ವರ ಹಿಡಿಯುವುದುಂಟು.

ಪೆಟ್ಟಿಗೆಯ ತಳದಿಂದ ಮೂರಿಂಚು ಮೇಲೆ ದಪ್ಪ ಸರಳುಗಳ ಜಾಲರಿ ಕೂರಿಸಿ. ಕೆಂಡ ಅದರ ಮೇಲಿರುತ್ತದೆ, ಬೂದಿ ಕೆಳಗೆ ಬೀಳುತ್ತದೆ. ಕಟ್ಟಿಗೆ ಹಾಕಲು ಎದುರಿಗೊಂದು ಬಾಗಿಲು. ಅದರ ಕೆಳಗೆ, ಜಾಲರಿಗಿಂತ ತಗ್ಗಿನಲ್ಲಿ, ಒಟ್ಟು 12 ಚದರ ಇಂಚಿನ ಗಾಳಿಕಂಡಿ (2 ಇಂಚು ಎತ್ತರ, 6 ಇಂಚು ಅಗಲ). ಅದಕ್ಕೆ ಅತ್ತಿತ್ತ ಜಾರಿಸಬಹುದಾದ ತಗಡಿನ ಮುಚ್ಚಳ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯನ್ನು ಬಳಸಿದ ಮನೆಯವರಿಗೆ ಈ ಜಾಲರಿ, ಗಾಳಿಕಂಡಿ, ಹೊಗೆಕೊಳವೆಗಳ ನಂಟು ಥಟ್ಟನೆ ಅರ್ಥವಾದೀತು.

ಡ್ರಮ್ಮನ್ನು ನೆಲದಿಂದ ಒಂದಡಿ ಎತ್ತರದ ಇಟ್ಟಿಗೆ ಕಟ್ಟೆಯ ಮೇಲೆ ನಿಲ್ಲಿಸಿ. ಬೆಂಕಿಪೆಟ್ಟಿಗೆಗೆ ನಾಲ್ಕಿಂಚಿನ ಕಾಲು ಕೊಡಿ. ಆಗ ಪೆಟ್ಟಿಗೆಯ ಮೇಲ್ಭಾಗವೂ ಡ್ರಮ್ಮಿನ ಕೆಳಭಾಗವೂ ಒಂದೇ ಮಟ್ಟಕ್ಕೆ ಬರುತ್ತವೆ. ಇವೆರಡನ್ನೂ ಕೂಡಿಸುವ ಕುತ್ತಿಗೆ 5 ಇಂಚು ಎತ್ತರ, 10 ಇಂಚು ಅಗಲವಿರಲಿ. ಉದ್ದ ಅರ್ಧ ಅಡಿ. ಡ್ರಮ್ಮಿನೊಳಗೆ, ಕುತ್ತಿಗೆಯ ಬಾಯಿಯ ಮೇಲೆ, ಓರೆಯಾಗಿ ಒಂದು ತಡೆ ತಗಡು ಬೆಸೆಯಿರಿ. ಇದನ್ನು ಮರೆತರೆ ಆ ಮಗ್ಗುಲಿನ ಮೀನು ಸುಟ್ಟು, ಈ ಮಗ್ಗುಲಿನದು ಹಸಿಯಾಗಿ ಉಳಿಯುತ್ತದೆ. ತಳದಲ್ಲಿ ಮರಳು ಹರಡಿದ ತಟ್ಟೆಯಿಡಿ, ಕೊಬ್ಬು ಅದರೊಳಗೆ ಬೀಳಲಿ. ಮೇಲೆ ಎಂಟೆಂಟು ಇಂಚಿನ ಅಂತರದಲ್ಲಿ ಮೂರು ಜಾಲರಿ. ಮುಚ್ಚಳದ ನಡುವೆ ನಾಲ್ಕಿಂಚಿನ ಹೊಗೆಕೊಳವೆ, ಎರಡಡಿ ಎತ್ತರ.

ಮುಚ್ಚಳ ತೆಗೆಯಲಾಗದ ಡ್ರಮ್ಮಿಗೆ ಮಗ್ಗುಲಲ್ಲಿ ಬಾಗಿಲು ಬೇಕು. ಮೂರು ಕಡೆ ಮಾತ್ರ ಕತ್ತರಿಸಿ, ಡ್ರಮ್ಮನ್ನು ಪೂರ್ತಿ ಗಾಳಿಗೆ ಬಿಟ್ಟ ಮೇಲೆ ಕೀಲುಗಳನ್ನು ಬೆಸೆದು, ಕೊನೆಗೆ ನಾಲ್ಕನೆಯ ಕಡೆ ಕತ್ತರಿಸಿ. ಮೊದಲೇ ಪೂರ್ತಿ ಕತ್ತರಿಸಿದರೆ ತಗಡು ಸಡಿಲಿ ಬಾಗಿಲು ಮತ್ತೆ ತನ್ನ ಜಾಗಕ್ಕೆ ಕೂರುವುದಿಲ್ಲ.

ಬೆಂಕಿಪೆಟ್ಟಿಗೆಯ ಹೊರಮೈಗೆ ಮಣ್ಣು ಮೆತ್ತಿದರೆ ಕಟ್ಟಿಗೆ ಉಳಿಯುತ್ತದೆ. ಮಸಾರಿ ಮಣ್ಣಿಗೆ ಹೊಟ್ಟು ಕಲಸಿ ಮೆತ್ತಿ. ಎರೆಮಣ್ಣು ಒಣಗಿದಂತೆ ಬಿರಿದು ಉದುರುತ್ತದೆ. ಮೀನು ಇಡುವ ಮೊದಲು ಬರಿಯ ಗೂಡನ್ನು ಮೂರು ನಾಲ್ಕು ತಾಸು ಜೋರಾಗಿ ಕಾಯಿಸಿ. ಒಳಗಿನ ಬಣ್ಣ, ಲೇಪವೆಲ್ಲ ಸುಟ್ಟು ಹೋಗಬೇಕು. ಆ ಹೊತ್ತು ನೀವು ಗಾಳಿಯ ಎದುರು ದಿಕ್ಕಿಗೆ ನಿಲ್ಲಿ. ತಣ್ಣಗಾದ ಮೇಲೆ ಉಜ್ಜಿ, ಒಳಗೆ ಶೇಂಗಾ ಎಣ್ಣೆ ಸವರಿ, ಇನ್ನೊಮ್ಮೆ ಹದವಾಗಿ ಕಾಯಿಸಿ.

ಹೊಗೆಯ ಹದ

ಜಾಲಿಯನ್ನು ಹಸಿಯಾಗಿ ಒಡ್ಡಿದರೆ ಹೊಗೆ ಕಹಿ. ಸಿಪ್ಪೆ ತೆಗೆದು, ಸೀಳಿ, ಆರು ತಿಂಗಳು ಒಣಗಿಸಿದ್ದೇ ಆಗಬೇಕು. ಮೊದಲು ಇದ್ದಿಲಿನ ಕೆಂಡ ಮಾಡಿಕೊಂಡು, ಅದರ ಮೇಲೆ ಮಣಿಕಟ್ಟಿನ ದಪ್ಪದ ಒಂದೊಂದೇ ಸೀಳು ಇಡುತ್ತ ಬನ್ನಿ. ಕೊಳವೆಯಿಂದ ತೆಳ್ಳಗೆ, ತುಸು ನೀಲಿಯಾಗಿ ಹೊಗೆ ಬರುತ್ತಿದ್ದರೆ ಹದ ಸರಿಯಿದೆ. ದಟ್ಟವಾಗಿ ಬೆಳ್ಳಗೆ ಬರುತ್ತಿದ್ದರೆ ಬೆಂಕಿಗೆ ಗಾಳಿ ಸಾಲದು. ಆಗ ಕೆಳಗಿನ ಕಂಡಿ ತೆರೆಯಿರಿ. ಮೇಲಿನ ಕೊಳವೆಯ ಬಾಯನ್ನು ಮಾತ್ರ ಎಂದೂ ಮುಚ್ಚಬೇಡಿ; ಹೊಗೆ ಒಳಗೇ ನಿಂತರೆ ಮೀನಿಗೆ ಟಾರು ಹತ್ತುತ್ತದೆ.

ಮಾವು, ಪೇರಲ ಕಟ್ಟಿಗೆ, ತೆಂಗಿನ ಚಿಪ್ಪು, ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು ಇವೂ ಆಗುತ್ತವೆ. ಅಮೆರಿಕದ ಕೆಲವು ಕಡೆ ಹಂದಿಮಾಂಸಕ್ಕೆ ಈ ಬೆಂಡಿನ ಹೊಗೆಯನ್ನೇ ಕೊಡುತ್ತಾರೆ. ಬೇವು, ನೀಲಗಿರಿ ಬೇಡ. ಕಣಗಿಲೆ, ಎಕ್ಕ, ಕಳ್ಳಿ ವಿಷ. ಹತ್ತಿಯ ಕಟ್ಟಿಗೆಗೆ ವರ್ಷವಿಡೀ ಔಷಧಿ ಸಿಂಪಡಿಸಿರುತ್ತೇವೆ, ಅದೂ ಬೇಡ. ಹಳೆಯ ಬಾಗಿಲು, ಪ್ಲೈವುಡ್ ತುಂಡುಗಳನ್ನು ಬಚ್ಚಲೊಲೆಗೂ ಹಾಕಬಾರದು.

ಗೂಡನ್ನು ಬಯಲಲ್ಲಿಡಿ. ಬಣವೆ, ಗುಡಿಸಲುಗಳಿಂದ ದೂರವಿರಲಿ, ಒಂದು ಕೊಡ ನೀರು ಪಕ್ಕದಲ್ಲಿರಲಿ. ಮಳೆಯೆಂದು ಮನೆಯೊಳಗೆ ಎಳೆದುಕೊಂಡು ಹೋಗಿ ಉರಿಸಬೇಡಿ. ಕೆಂಡದ ಗಾಳಿ ವಾಸನೆಯಿಲ್ಲದೆ ಕೊಲ್ಲುತ್ತದೆ.

ಮೀನಿನ ಕೆಲಸ

ಹಿಡಿದ ಕೂಡಲೇ ಹೊಟ್ಟೆ, ಕಿವಿರು ತೆಗೆದು, ಬೆನ್ನಿನಿಂದ ಸೀಳಿ ತೊಳೆಯಿರಿ. ಹಳಸಲು ಮೀನನ್ನು ಹೊಗೆಯಿಂದ ಸರಿಪಡಿಸಬಹುದೆಂಬ ಭ್ರಮೆ ಬೇಡ. ಲೀಟರ್ ನೀರಿಗೆ 150 ಗ್ರಾಂ ಉಪ್ಪು, ಚಿಟಿಕೆ ಅರಿಸಿನ ಹಾಕಿದ ನೀರಿನಲ್ಲಿ ಒಂದು ತಾಸು ನೆನೆಸಿ. ತೆಗೆದು, ತೆಳು ಬಟ್ಟೆ ಮುಚ್ಚಿ, ನೆರಳಿನ ಗಾಳಿಗೆ ಒಂದು ತಾಸು ಬಿಡಿ. ಮೈ ಒಣಗಿ ಹೊಳಪು ಬಂದ ಮೇಲಷ್ಟೇ ಗೂಡಿಗೆ ಇಡಿ. ಒದ್ದೆ ಮೀನಿಗೆ ಹೊಗೆ ಸಮನಾಗಿ ಹತ್ತುವುದಿಲ್ಲ. ಒಂದಕ್ಕೊಂದು ತಾಗದಂತೆ ಇಟ್ಟರೆ ಆರೆಂಟು ಕಿಲೋ ಹಿಡಿಸುತ್ತದೆ.

ಮೊದಲ ಒಂದು ತಾಸು ಸಣ್ಣ ಬೆಂಕಿ. ಆಮೇಲೆ ಗೂಡಿನ ಕಾವನ್ನು 80 ಡಿಗ್ರಿ ಸೆಂಟಿಗ್ರೇಡಿಗೆ ಏರಿಸಿ ಎರಡು ಮೂರು ತಾಸು ನಡೆಸಬೇಕು. ಮೀನಿನ ದಪ್ಪ ಭಾಗದ ಒಳಗೆ 63 ಡಿಗ್ರಿ ಕಾವು ಅರ್ಧ ತಾಸು ನಿಲ್ಲಬೇಕು. ಇದರಲ್ಲಿ ಅಂದಾಜು ಬೇಡ. ಚುಚ್ಚಿ ನೋಡುವ ಥರ್ಮಾಮೀಟರ್ ಒಂದನ್ನು ಕೊಂಡುಬಿಡಿ.

ಎಷ್ಟು ದಿನ ಇಟ್ಟೀತು? ಇಲ್ಲಿಯೇ ಹಲವರು ಮೋಸ ಹೋಗುವುದು. ಹೀಗೆ ಬೇಯಿಸಿದ ಮೀನು ನಮ್ಮ ಬೇಸಿಗೆಯಲ್ಲಿ ಹೊರಗಿಟ್ಟರೆ ಒಂದು ದಿನ; ಫ್ರಿಜ್ಜಿನಲ್ಲಿ ಒಂದು ವಾರ. ತಿಂಗಳುಗಟ್ಟಲೆ ಉಳಿಯಬೇಕಾದರೆ ಉಪ್ಪು ಹೆಚ್ಚಿಸಿ, ಸೌದೆಯಂತೆ ಗಟ್ಟಿಯಾಗುವ ತನಕ ಸಣ್ಣ ಕಾವಿನಲ್ಲಿ ಒಣಗಿಸಬೇಕು. ಕಾಪಾಡುವುದು ಮುಖ್ಯವಾಗಿ ಉಪ್ಪು ಮತ್ತು ಒಣಗು, ಹೊಗೆಯ ಪಾಲು ಸ್ವಲ್ಪವೇ. ಬಿಸಿಯಿರುವಾಗ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ಬೆವರಿ ಬೂಸು ಹಿಡಿಯುತ್ತದೆ. ಗಾಳಿ ತೆಗೆದು ಬಿಗಿದ ಚೀಲದಲ್ಲಿ ಹಾಕಿ ಹೊರಗಿಡುವುದಂತೂ ಅಪಾಯ. ಗಾಳಿಯಿಲ್ಲದೆಡೆ ಬೆಳೆಯುವ ಬೊಟುಲಿನಂ ಎಂಬ ರೋಗಾಣುವಿನ ವಿಷ ಜೀವಕ್ಕೇ ಎರವಾಗಬಹುದು.

ಇನ್ನು ದುಡ್ಡಿನ ಮಾತು. ತಲೆ, ಹೊಟ್ಟೆ ಹೋಗಿ, ನೀರಿನ ಅಂಶ ಆರಿ, 10 ಕಿಲೋ ಹಸಿಮೀನಿನಿಂದ ಸುಮಾರು 5 ಕಿಲೋ ಕೈಗೆ ಬರುತ್ತದೆ. ಎಂದರೆ ಹಸಿಮೀನಿನ ಬೆಲೆಯ ಎರಡರಷ್ಟು ಸಿಕ್ಕರೂ ನಿಮಗೆ ದಕ್ಕಿದ್ದು ಸಮ. ಕಟ್ಟಿಗೆ, ಕೂಲಿ, ಉಪ್ಪು ಮೇಲಿನ ಖರ್ಚು. ಹೆದ್ದಾರಿಯ ಧಾಬಾಗಳಲ್ಲಿ, ಹೊಸಪೇಟೆ, ಹಂಪಿಗೆ ಬರುವ ಪ್ರವಾಸಿಗರ ಹೋಟೆಲುಗಳಲ್ಲಿ ಮೊದಲು ವಿಚಾರಿಸಿ, ಎರಡು ಕಿಲೋ ಮಾಡಿ ತಿನ್ನಿಸಿ, ಬೆಲೆ ಗೊತ್ತುಮಾಡಿಕೊಂಡು ಆಮೇಲೆ ಹೊಂಡ ಬರಿದು ಮಾಡಿ. ಮಾರುವವರು ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಿಕೊಳ್ಳಬೇಕು. ಮಾರದಿದ್ದರೂ ಮನೆಮಂದಿಗೆ, ಬಂಧುಬಳಗಕ್ಕೆ ಆಯಿತು. ಮೀನು ಮುಟ್ಟದ ಮನೆಯವರು ಹಣ್ಣುಮೆಣಸಿನಕಾಯಿಗೆ ಹೊಗೆ ಕೊಟ್ಟು ನೋಡಬಹುದು. ಮೆಕ್ಸಿಕೊ ದೇಶದವರು ಹಾಗೆ ಒಣಗಿಸಿದ ಕಾಯಿಯನ್ನು ಅಡುಗೆಗೆ ಬಳಸುತ್ತಾರೆ.

ಕೆಲಸ ಮುಗಿದ ಮೇಲೆ ಜಾಲರಿಗಳನ್ನು ಬೂದಿಯಿಂದ ತಿಕ್ಕಿ ಒಣಗಿಸಿಡಿ. ಕೊಬ್ಬು ಬಿದ್ದ ಮರಳನ್ನು ಪ್ರತಿ ಸಲವೂ ಬದಲಿಸಿ, ಹಳೆಯದನ್ನು ಆಳವಾಗಿ ಹೂಳಿ. ಇಲ್ಲವಾದರೆ ಊರ ನಾಯಿಗಳೆಲ್ಲ ರಾತ್ರಿ ನಿಮ್ಮ ಹೊಲದಲ್ಲೇ ಇರುತ್ತವೆ.