ನಿಮಗಿದು ಗೊತ್ತೆ? ಮಡಚುವ ದೋಣಿಯಲ್ಲಿ ಕೇರಳದ ಕಡಲು ದಾಟಿದವ

ಆಲುವದ ಪೆರಿಯಾರ್ ನದಿ ಸೇರುವ ಅರಬ್ಬಿ ಸಮುದ್ರದಲ್ಲಿ 1935ರಲ್ಲಿ ಒಂದು ಮಡಚುವ ದೋಣಿ ದಕ್ಷಿಣಕ್ಕೆ ಸಾಗಿತ್ತು. ಅದರಲ್ಲಿದ್ದವನು ಜರ್ಮನಿಯ ಆಸ್ಕರ್ ಸ್ಪೆಕ್, ಒಬ್ಬನೇ!

ಆರ್ಥಿಕ ಕುಸಿತದಲ್ಲಿ ದುಡಿಮೆ ಕಳೆದುಕೊಂಡ ಆತ, ಸೈಪ್ರಸ್‌ನ ತಾಮ್ರದ ಗಣಿಯಲ್ಲಿ ಕೆಲಸ ಹುಡುಕಲೆಂದು 1932ರಲ್ಲಿ ಉಲ್ಮ್ ಪಟ್ಟಣದಲ್ಲಿ ಡ್ಯಾನ್ಯೂಬ್ ನದಿಗಿಳಿದ. ದೋಣಿಯ ಉದ್ದ ಸುಮಾರು ಐದೂವರೆ ಮೀಟರ್. ಬಿಚ್ಚಿ ಜೋಡಿಸುವ ಮರದ ಚೌಕಟ್ಟು, ಅದಕ್ಕೆ ರಬ್ಬರ್ ಲೇಪಿಸಿದ ಬಟ್ಟೆಯ ಹೊದಿಕೆ, ಮೇಲೊಂದು ಪುಟ್ಟ ಹಾಯಿ. ಚುಕ್ಕಾಣಿ ತಿರುಗಿಸುವುದು ಕಾಲಿನಿಂದ.

ಆದರೆ ಸೈಪ್ರಸ್‌ಗೇ ನಿಲ್ಲದೆ ಮುಂದೆ ಸಾಗಿದ: ಯೂಫ್ರಟಿಸ್, ಪರ್ಷಿಯನ್ ಕೊಲ್ಲಿ, ಕರಾಚಿ; ಬಳಿಕ ನಮ್ಮ ಪಶ್ಚಿಮ ಕರಾವಳಿಗುಂಟ ಕೊಲಂಬೊ. ಎಂಥ ಗುಂಡಿಗೆಯಿರಬೇಕು!

ಹೀಗೇ ಮುಂದುವರಿದು 1939ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯದ ಸೈಬೈ ದ್ವೀಪ ಮುಟ್ಟುವ ಹೊತ್ತಿಗೆ ಮಹಾಯುದ್ಧ ಶುರುವಾಗಿತ್ತು. ಪೊಲೀಸರು ಅಭಿನಂದಿಸಿದರು, ಆಮೇಲೆ ಶತ್ರು ದೇಶ ಜರ್ಮನಿಯವನೆಂದು ಬಂಧಿಸಿದರು. ಆತನ ಯಾನದ ದಾಖಲೆಗಳು ಈಗ ಸಿಡ್ನಿಯ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದಲ್ಲಿವೆ.