ರೇಖಾಚಿತ್ರದಿಂದ ನೇಗಿಲಿಗೆ: ಲಕ್ಷ್ಮಣರಾವ್ ಕಿರ್ಲೋಸ್ಕರರ ಉದ್ಯೋಗಜೀವನ

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರರ (1869–1956) ಬಾಳಿನಲ್ಲಿ ಚಿತ್ರಕಲೆ, ಅಧ್ಯಾಪನ, ಸೈಕಲ್ ವ್ಯಾಪಾರ, ಕಟ್ಟಡ ನಿರ್ಮಾಣ, ಎರಕದ ಕೆಲಸ ಇವೆಲ್ಲವೂ ಒಂದಾದಮೇಲೊಂದು ಬಂದುಹೋದುವು. ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರುವ ಈ ವೃತ್ತಿಗಳನ್ನು ಪೋಣಿಸಿದ ಸೂತ್ರವೊಂದುಂಟು. ಯಂತ್ರರೇಖನವೇ ಆ ಸೂತ್ರವೆಂದು ನಮ್ಮ ಅಭಿಪ್ರಾಯ.

ಚಿತ್ರಕಾರನಾಗಬೇಕೆಂದು ಅವರು ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಬಣ್ಣಗಳನ್ನು ಗುರುತಿಸುವುದರಲ್ಲಿ ಕಣ್ಣಿಗೆ ಭಾಗಶಃ ದೋಷವಿದ್ದುದರಿಂದ ವರ್ಣಚಿತ್ರವನ್ನು ಕೈಬಿಟ್ಟು, ಬಣ್ಣದ ಹಂಗಿಲ್ಲದ ಯಂತ್ರರೇಖನವನ್ನು ಅಭ್ಯಾಸಮಾಡಿದರು. ಬಳಿಕ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದೇ ವಿಷಯದ ಅಧ್ಯಾಪಕರಾದರು. ತಮಗೆ ಸಲ್ಲಬೇಕಾದ ಬಡ್ತಿಯು ಆಂಗ್ಲೋ-ಇಂಡಿಯನ್ನರೊಬ್ಬರಿಗೆ ದೊರೆತಾಗ ರಾಜೀನಾಮೆಯಿತ್ತು ಬೆಳಗಾವಿಗೆ ಮರಳಿದರು. ಅಲ್ಲಿ ಅಣ್ಣ ರಾಮಚಂದ್ರರಾಯರೊಡನೆ ಸೈಕಲ್ ಅಂಗಡಿಯೊಂದನ್ನು ಅದಾಗಲೇ ಆರಂಭಿಸಿದ್ದರು. ಕೊಂಡವರಿಗೆ ಸವಾರಿ ಕಲಿಸುವುದೂ ಅಂಗಡಿಯ ಕೆಲಸವೇ ಆಗಿದ್ದಿತು.

ಮುಂದೆ ಅವರ ಗಮನ ಒಕ್ಕಲುತನದ ಉಪಕರಣಗಳತ್ತ ಹರಿಯಿತು. ಕಣಿಕೆ ಕತ್ತರಿಸುವ ಯಂತ್ರವು ಮೊದಲು ಸಿದ್ಧವಾಯಿತು. ಅನಂತರ ಕಬ್ಬಿಣದ ನೇಗಿಲು. ಕಬ್ಬಿಣವು ಭೂಮಿಗೆ ವಿಷವೆಂದು ರೈತರು ನಂಬಿದ್ದುದರಿಂದ ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಈ ಸಂಶಯವನ್ನು ಕೇವಲ ಮೌಢ್ಯವೆಂದು ತಳ್ಳಿಹಾಕುವುದು ಸಲ್ಲದು. ಮರದ ನೇಗಿಲು ಮುರಿದರೆ ಊರ ಬಡಗಿಯೇ ಅದನ್ನು ಸರಿಪಡಿಸುವನು. ಎರಕದ ಭಾಗ ಒಡೆದರೆ ರೈತನು ಕಾರ್ಖಾನೆಯನ್ನೇ ಅವಲಂಬಿಸಬೇಕು. ಒಂದು ಹಂಗಾಮಿನ ಉಳುಮೆ ತಪ್ಪಿದರೆ ವರ್ಷದ ಅನ್ನವೇ ಹೋದಂತೆ. ಆದುದರಿಂದ ಹೊಸ ನೇಗಿಲಿಗೆ ವಿನ್ಯಾಸ ಎಷ್ಟು ಮುಖ್ಯವೋ ರೈತನ ವಿಶ್ವಾಸವೂ ಅಷ್ಟೇ ಮುಖ್ಯವಾಗಿದ್ದಿತು.

ನಗರ ವಿಸ್ತರಣಕ್ಕಾಗಿ ಬೆಳಗಾವಿಯ ಪೌರಸಭೆಯು ಕಾರ್ಖಾನೆಯ ಸ್ಥಳವನ್ನು ತೆರವು ಮಾಡಿಸಿದಾಗ ಔಂಧ ಸಂಸ್ಥಾನದ ಅರಸರು ನೆರವಿಗೆ ಬಂದರು. ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬಂಜರು ಭೂಮಿಯನ್ನೂ 10,000 ರೂಪಾಯಿ ಸಾಲವನ್ನೂ ಕೊಟ್ಟರು. 1910ರಲ್ಲಿ ಅಲ್ಲಿ ತಲೆಯೆತ್ತಿದ ಊರೇ ಕಿರ್ಲೋಸ್ಕರವಾಡಿ. ಅಲ್ಲಿ ಅಸ್ಪೃಶ್ಯತೆಗೆ ಎಡೆಯಿರಲಿಲ್ಲ. ಸೆರೆಮನೆಯಿಂದ ಬಿಡುಗಡೆ ಹೊಂದಿದವರನ್ನೇ ರಾತ್ರಿಯ ಕಾವಲಿಗೆ ನೇಮಿಸಿದರು! ಮೊದಲನೆಯ ಮಹಾಯುದ್ಧದಲ್ಲಿ ಕಬ್ಬಿಣದ ಅಭಾವ ತಲೆದೋರಿದಾಗ ಕೊಲ್ಲಾಪುರದ ಶಾಹೂ ಮಹಾರಾಜರು ಹಳೆಯ ಫಿರಂಗಿಗಳನ್ನು ಒದಗಿಸಿದರು. ಅವು ಕರಗಿ ನೇಗಿಲುಗಳಾದುವು.

ಕನ್ನಡ ನಾಡಿನೊಡನೆ ಈ ಉದ್ಯಮದ ನಂಟು ಹರಿಹರದಲ್ಲಿ ಮತ್ತೆ ಕೂಡಿಕೊಂಡಿತು. 1941ರಲ್ಲಿ ಅಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತುಗಳನ್ನು, ಎಂದರೆ ಯಂತ್ರಗಳನ್ನು ಮಾಡುವ ಯಂತ್ರಗಳನ್ನು, ತಯಾರಿಸಿತು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಬೆಳಗಾವಿಯ ಕಿರ್ಲೋಸ್ಕರ್ ರಸ್ತೆ ಮಾತ್ರ ಹಳೆಯ ಸೈಕಲ್ ಅಂಗಡಿಯವರ ಹೆಸರನ್ನು ಇಂದಿಗೂ ಹೊತ್ತಿದೆ.