ಟೈರು ದೊಡ್ಡದಾದರೆ ಹಲ್ಲಿನ ಲೆಕ್ಕವೂ ಬದಲಾಗಬೇಕು

ರಾಮನಗರದ ಸುತ್ತ ಬಂಡೆ ಕಾಣದ ದಿಕ್ಕೇ ಇಲ್ಲ. ಭೂವಿಜ್ಞಾನಿಗಳು ಇಲ್ಲಿನ ಶಿಲೆಗೆ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಹೆಸರಿಟ್ಟಿದ್ದಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ್ದೇ ಹಳೆಯ ಹೆಸರು. ಸುಮಾರು 250 ಕೋಟಿ ವರ್ಷ ವಯಸ್ಸಿನ ಈ ಕಲ್ಲಿನ ಒಂದು ಘನಮೀಟರ್ ತುಂಡು ಎರಡೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಇಂಥ ಕಲ್ಲನ್ನೋ ಜಲ್ಲಿಯನ್ನೋ ಹೇರಿಕೊಂಡ ಲಾರಿಯೊಂದು ಮಾಗಡಿ, ಕನಕಪುರ ಕಡೆಯ ಏರುರಸ್ತೆಯಲ್ಲಿ ಏದುಸಿರು ಬಿಡುತ್ತಾ ಹತ್ತುವುದನ್ನು ಬಸ್ಸಿನ ಕಿಟಕಿಯಿಂದ ನೋಡದ ಮಕ್ಕಳು ವಿರಳ.

ಆ ಲಾರಿಯನ್ನು ನಿಜವಾಗಿ ನೂಕುವುದು ಯಾವುದು? ಎಂಜಿನ್ ಎಂದು ಎಲ್ಲರೂ ಥಟ್ಟನೆ ಹೇಳುತ್ತಾರೆ. ಆದರೆ ಎಂಜಿನ್ನಿನ ಶಕ್ತಿ ರಸ್ತೆಗೆ ತಲುಪಬೇಕಾದರೆ ಹಿಂದಿನ ಅಚ್ಚಿನ ನಡುವೆ ದಪ್ಪ ಕುಂಬಳಕಾಯಿಯಂತೆ ಉಬ್ಬಿರುವ ಕಬ್ಬಿಣದ ಗುಂಡನ್ನು ಹಾದುಹೋಗಬೇಕು. ಅದರೊಳಗಿದೆ ಡಿಫರೆನ್ಷಿಯಲ್. ಲಾರಿಗೆ ಮೂಲದಲ್ಲಿದ್ದುದಕ್ಕಿಂತ ದೊಡ್ಡ ಟೈರು ತೊಡಿಸಿದಾಗ ಕಣ್ಣಿಗೆ ಕಾಣದಂತೆ ಲೆಕ್ಕ ತಪ್ಪುವುದು ಇಲ್ಲಿಯೇ.

ಎತ್ತು ಕಲಿಸುವ ಪಾಠ

ಕಣದಲ್ಲಿ ಮೇಟಿಯ ಸುತ್ತ ಎತ್ತುಗಳನ್ನು ಕಟ್ಟಿ ತುಳಿಸುವಾಗ ಒಳಗಿನ ಎತ್ತು ನಿಧಾನವಾಗಿ ಹೆಜ್ಜೆ ಹಾಕುತ್ತದೆ, ಹೊರಗಿನದು ಬಿರಬಿರನೆ ನಡೆಯುತ್ತದೆ. ಇಬ್ಬರದೂ ಒಂದೇ ಸುತ್ತು, ನಡೆದ ದೂರ ಮಾತ್ರ ಬೇರೆ. ಲಾರಿ ತಿರುವಿನಲ್ಲಿ ತಿರುಗುವಾಗಲೂ ಹೀಗೆಯೇ. ಎರಡು ಚಕ್ರಗಳ ನಡುವಿನ ಅಂತರ 1.8 ಮೀಟರ್ ಇದ್ದರೆ, ಗಾಡಿ ಒಂದು ಪೂರ್ಣ ಸುತ್ತು ಹೊಡೆಯುವಷ್ಟರಲ್ಲಿ ಹೊರಚಕ್ರ ಒಳಚಕ್ರಕ್ಕಿಂತ 11.3 ಮೀಟರ್ ಹೆಚ್ಚು ಓಡಬೇಕಾಗುತ್ತದೆ. ಸುತ್ತು ಚಿಕ್ಕದಿರಲಿ ದೊಡ್ಡದಿರಲಿ, ಈ ವ್ಯತ್ಯಾಸ ಒಂದೇ!

ಎತ್ತಿನ ಗಾಡಿಗೆ ಇದು ತೊಡಕಲ್ಲ. ಅದರ ಚಕ್ರಗಳು ಅಚ್ಚಿನ ಮೇಲೆ ತಮ್ಮಷ್ಟಕ್ಕೆ ತಾವು ತಿರುಗುತ್ತವೆ. ಆದರೆ ಎಂಜಿನ್ ಎರಡೂ ಚಕ್ರಗಳನ್ನು ತಿರುಗಿಸಬೇಕಾದಾಗ ತೊಡಕು ಹುಟ್ಟುತ್ತದೆ. ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1828ರಲ್ಲಿ ಉಗಿಬಂಡಿಗಾಗಿ ಪೇಟೆಂಟ್ ಪಡೆದ ಡಿಫರೆನ್ಷಿಯಲ್ ಈ ತೊಡಕನ್ನು ಬಿಡಿಸಿತು. ನಾಲ್ಕಾರು ಪುಟ್ಟ ಹಲ್ಲುಚಕ್ರಗಳ ಈ ಕೂಟ ಎರಡೂ ಚಕ್ರಗಳಿಗೆ ಬಲ ಹಂಚುತ್ತದೆ, ವೇಗವನ್ನು ಮಾತ್ರ ಅವುಗಳ ಅಗತ್ಯಕ್ಕೆ ಬಿಡುತ್ತದೆ.

ಇದು ದೂರದೇಶದ ಕತೆ ಎಂದುಕೊಳ್ಳಬೇಕಾಗಿಲ್ಲ. ರಾಮನಗರ ತಾಲ್ಲೂಕಿನ ಬಿಡದಿಯಲ್ಲಿ 1999ರ ಡಿಸೆಂಬರಿನಿಂದ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ ವಾಹನ ತಯಾರಿಸುತ್ತಿದೆ. ಅಲ್ಲಿಂದ ಮೊದಲು ಹೊರಬಂದ ಕ್ವಾಲಿಸ್, ಆಮೇಲೆ 2005ರಲ್ಲಿ ಬಂದ ಇನ್ನೋವಾ ಎರಡೂ ಹಿಂದಿನ ಚಕ್ರದಿಂದ ಓಡುವ ಗಾಡಿಗಳು. ಗೇರ್‌ಬಾಕ್ಸು, ಅಚ್ಚು, ಪ್ರೊಪೆಲ್ಲರ್ ಶಾಫ್ಟುಗಳನ್ನು ತಯಾರಿಸುವ ಬಿಡಿಭಾಗದ ಕಾರ್ಖಾನೆಯೂ ಬಿಡದಿಯಲ್ಲೇ ಇದೆ.

ಕ್ರೌನ್ ಮತ್ತು ಪಿನಿಯನ್

ಡಿಫರೆನ್ಷಿಯಲ್ ಪೆಟ್ಟಿಗೆಗೆ ಇನ್ನೊಂದು ಕೆಲಸವೂ ಇದೆ. ಎಂಜಿನ್ನಿನ ಕಡೆಯಿಂದ ಬರುವ ಉದ್ದನೆಯ ಶಾಫ್ಟಿನ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರ ಇರುತ್ತದೆ. ಅದು ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಪಿನಿಯನ್ನಿಗೆ 7 ಹಲ್ಲು, ಕ್ರೌನಿಗೆ 41 ಹಲ್ಲು ಇದ್ದರೆ, ಚಕ್ರ ಒಂದು ಸುತ್ತು ತಿರುಗಲು ಶಾಫ್ಟು 5.86 ಸುತ್ತು ತಿರುಗಬೇಕು. ಸುತ್ತು ಕಡಿಮೆಯಾದಷ್ಟೂ ತಿರುಚುಬಲ ಹೆಚ್ಚುತ್ತದೆ. ಸನ್ನೆಗೋಲಿನ ನಿಯಮವೇ ಇದು: ಬಲದಲ್ಲಿ ಗಳಿಸಿದ್ದನ್ನು ವೇಗದಲ್ಲಿ ಕಳೆದುಕೊಳ್ಳಲೇಬೇಕು.

ಜೀಪಿನ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ. ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿ ಪಿನಿಯನ್ನಿಗೆ 8, ಕ್ರೌನಿಗೆ 39 ಹಲ್ಲು, ಅನುಪಾತ 4.88. ಯುದ್ಧ ಮುಗಿದ 1945ರಲ್ಲಿ ಅದೇ ಕಂಪನಿ ರೈತರಿಗಾಗಿ ಜೀಪು ಹೊರತಂದಾಗ ಕ್ರೌನನ್ನು 43 ಹಲ್ಲಿಗೆ ಏರಿಸಿತು, ಅನುಪಾತ 5.38 ಆಯಿತು. ಟೈರಿನ ಅಳತೆ ಬದಲಾಗಲಿಲ್ಲ. ನೇಗಿಲು ಎಳೆಯುವವನಿಗೆ ಓಟಕ್ಕಿಂತ ಎಳೆತ ಮುಖ್ಯ ಎಂಬುದನ್ನು ಕಂಪನಿ ನಾಲ್ಕು ಹಲ್ಲುಗಳಲ್ಲಿ ಹೇಳಿಬಿಟ್ಟಿತು!

ದೊಡ್ಡ ಟೈರಿನ ಸಾಲ

ಈಗ ಟೈರಿನ ವಿಷಯಕ್ಕೆ ಬರೋಣ. ಹೆಚ್ಚು ಭಾರ ತಾಳಲಿ, ಕಲ್ಲುಗುಂಡಿಗೆ ತಳ ತಾಗದಿರಲಿ ಎಂದು ಕೆಲವರು ದೊಡ್ಡ ಟೈರು ಹಾಕಿಸುತ್ತಾರೆ. ನೋಡಲು ಗತ್ತಾಗಿರಲಿ ಎಂದು ಹಾಕಿಸುವವರೂ ಉಂಟು. 8.25-20 ಎಂಬ ಅಳತೆಯ ಲಾರಿ ಟೈರಿನ ವ್ಯಾಸ ಸುಮಾರು 97 ಸೆಂಟಿಮೀಟರ್, 10.00-20 ಅಳತೆಯದು ಸುಮಾರು 105. ವ್ಯತ್ಯಾಸ ಒಂದು ಗೇಣೂ ಇಲ್ಲ. ಆದರೆ ಲೆಕ್ಕ ಮಾಡಿದರೆ ನೂರಕ್ಕೆ ಎಂಟು ಪಾಲು!

ಉದಾಹರಣೆಗೆ, ಮೂಲದಲ್ಲಿ 97 ಸೆಂಟಿಮೀಟರ್ ಟೈರು ಮತ್ತು 41ಕ್ಕೆ 7 ಹಲ್ಲಿನ ಜೋಡಿ ಇದ್ದ ಲಾರಿಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಒಂದು ಕಿಲೋಮೀಟರ್ ಓಡಲು ಅದರ ಚಕ್ರ 328 ಸುತ್ತು, ಶಾಫ್ಟು 1,922 ಸುತ್ತು ತಿರುಗಬೇಕು. 105 ಸೆಂಟಿಮೀಟರ್ ಟೈರು ಹಾಕಿದರೆ ಚಕ್ರಕ್ಕೆ 303 ಸುತ್ತು, ಶಾಫ್ಟಿಗೆ 1,776 ಸುತ್ತು ಸಾಕು. ಭಾರಕ್ಕೆ ಟೈರು ಕೊಂಚ ಅಮುಕಿಕೊಳ್ಳುವುದರಿಂದ ನಿಜವಾದ ಅಂಕಿಗಳು ಸ್ವಲ್ಪ ಆಚೀಚೆ ಆಗಬಹುದು. ಹೋಲಿಕೆ ಮಾತ್ರ ಕೆಡುವುದಿಲ್ಲ.

ಕಡಿಮೆ ಸುತ್ತಿನಲ್ಲಿ ಹೆಚ್ಚು ದೂರ! ಕೇಳಲು ಲಾಭದಂತಿದೆ. ಆದರೆ ಇದು ಸಾಲವೇ ಹೊರತು ಲಾಭವಲ್ಲ. ಮೊದಲನೆಯ ಸಾಲ ಎಳೆತದ್ದು. ಚಕ್ರದ ತ್ರಿಜ್ಯ ಹೆಚ್ಚಿದ್ದರಿಂದ ರಸ್ತೆಯನ್ನು ತಳ್ಳುವ ಬಲ ನೂರಕ್ಕೆ ಏಳೆಂಟು ಪಾಲು ಇಳಿಯುತ್ತದೆ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ದಾರಿಯಲ್ಲಿ 16 ಟನ್ನಿನ ಲಾರಿಯನ್ನು ಭೂಮಿ ಒಂದೂವರೆ ಟನ್ನಿಗೂ ಮೀರಿದ ಭಾರದಷ್ಟು ಬಲದಿಂದ ಹಿಂದಕ್ಕೆ ಎಳೆಯುತ್ತಿರುತ್ತದೆ. ಅಲ್ಲಿ ಏಳೆಂಟು ಪಾಲು ಸಣ್ಣದಲ್ಲ. ಚಾಲಕ ಕೆಳಗಿನ ಗೇರಿಗೆ ಇಳಿಯಬೇಕು, ಅರ್ಧ ಕ್ಲಚ್ಚಿನಲ್ಲಿ ಎಳೆಯಬೇಕು. ಕ್ಲಚ್ ಪ್ಲೇಟು ಸುಡುತ್ತದೆ. ಇಳಿಜಾರಿನಲ್ಲಿ ಗೇರಿನಲ್ಲೇ ಗಾಡಿಯನ್ನು ತಡೆಹಿಡಿಯುವ ಎಂಜಿನ್ ಹಿಡಿತವೂ ಅಷ್ಟೇ ಪಾಲು ಸಡಿಲವಾಗುತ್ತದೆ.

ಎರಡನೆಯ ಸಾಲ ಮೀಟರಿನದು. ಗೇರ್‌ಬಾಕ್ಸಿನ ಸುತ್ತು ಎಣಿಸುವ ಮೀಟರಿಗೆ ಟೈರು ಬದಲಾದದ್ದು ಗೊತ್ತೇ ಆಗುವುದಿಲ್ಲ. ಗಾಡಿ ನಿಜವಾಗಿ 108 ಕಿಲೋಮೀಟರ್ ಓಡಿದ್ದರೂ ಅದು 100 ಎಂದೇ ತೋರಿಸುತ್ತದೆ. ಕಿಲೋಮೀಟರಿಗೆ ಇಷ್ಟು ಎಂದು ಬಾಡಿಗೆ ಓಡಿಸುವ ಮಾಲೀಕ ನೂರಕ್ಕೆ ಎಂಟು ಕಿಲೋಮೀಟರಿನ ಕೂಲಿ ಕಳೆದುಕೊಳ್ಳುತ್ತಾನೆ. ಡೀಸೆಲ್ ಲೆಕ್ಕ ನೋಡಿ ‘ಮೈಲೇಜ್ ಬಿತ್ತು’ ಎಂದು ಚಾಲಕನನ್ನು ಗದರಿಸುವ ಸಂಭವವೂ ಉಂಟು!

ಹಲ್ಲುಗಳನ್ನು ಹೊಂದಿಸುವುದು

ಈ ಸಾಲ ತೀರಿಸುವ ದಾರಿಯೇ ಕ್ರೌನ್-ಪಿನಿಯನ್ ಜೋಡಿಯನ್ನು ಬದಲಾಯಿಸುವುದು. ಸೂತ್ರ ಸರಳ: ಹಳೆಯ ಅನುಪಾತವನ್ನು ಹೊಸ ವ್ಯಾಸದಿಂದ ಗುಣಿಸಿ ಹಳೆಯ ವ್ಯಾಸದಿಂದ ಭಾಗಿಸಬೇಕು. ನಮ್ಮ ಲಾರಿಗೆ ಬೇಕಾದದ್ದು 5.86 × 105 ÷ 97, ಅಂದರೆ ಸುಮಾರು 6.34.

ಆದರೆ ಹಲ್ಲನ್ನು ಅರ್ಧ, ಕಾಲು ಎಂದು ಕೊರೆಯಲಾಗುವುದಿಲ್ಲ. ಹತ್ತಿರದ ಜೋಡಿಗಳಲ್ಲಿ ಒಂದನ್ನು ಆರಿಸಬೇಕು. 43ಕ್ಕೆ 7 ಹಲ್ಲಿನದಾದರೆ ಅನುಪಾತ 6.14, ಎಳೆತ ಮೊದಲಿಗಿಂತ ನೂರಕ್ಕೆ ಮೂರು ಪಾಲು ಕಡಿಮೆಯೇ ಉಳಿಯುತ್ತದೆ. 41ಕ್ಕೆ 6 ಆದರೆ 6.83, ಎಳೆತ ಮೊದಲಿಗಿಂತ ಏಳೆಂಟು ಪಾಲು ಹೆಚ್ಚು, ಎಂಜಿನ್ ಮಾತ್ರ ಸದಾ ಹೆಚ್ಚು ಸುತ್ತು ತಿರುಗುತ್ತಿರಬೇಕು. ದಿನವಿಡೀ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಓಡುವ ಗಾಡಿಗೆ ಮೊದಲನೆಯದು ಒಪ್ಪುತ್ತದೆ. ಕ್ವಾರಿಯ ಗುಂಡಿಯಿಂದ ಭಾರ ಹೊತ್ತು ಮೇಲೆ ಬರುವ ಗಾಡಿಗೆ ಎರಡನೆಯದು.

ಕೆಲಸವೂ ನಾಜೂಕಿನದೇ. ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿದ ಜೋಡಿ. ಒಂದನ್ನು ಹಳೆಯದು, ಇನ್ನೊಂದನ್ನು ಹೊಸದು ಹಾಕುವಂತಿಲ್ಲ. ಹಲ್ಲು ಹಲ್ಲಿನ ನಡುವೆ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತರಲ್ಲಿ ಎರಡು ಮೂರು ಭಾಗದಷ್ಟು ಸಡಿಲ ಉಳಿಯಬೇಕು. ತೆಳು ಶಿಮ್‌ಗಳನ್ನು ಇಟ್ಟು, ತೆಗೆದು, ಹಲ್ಲಿಗೆ ಬಣ್ಣ ಸವರಿ ತಿರುಗಿಸಿ, ಗುರುತು ಹಲ್ಲಿನ ನಡುಭಾಗಕ್ಕೆ ಬಿತ್ತೇ ಎಂದು ಮೆಕ್ಯಾನಿಕ್ ನೋಡುತ್ತಾನೆ. ಅಂಚಿಗೆ ಬಿದ್ದರೆ ಕೆಲವೇ ದಿನಗಳಲ್ಲಿ ಕೂಗಾಟ ಶುರು, ಆಮೇಲೆ ಹಲ್ಲು ಮುರಿತ. ಹತ್ತು ಚಕ್ರದ ಟಿಪ್ಪರಿನಲ್ಲಿ ಹಿಂದಿನ ಎರಡೂ ಅಚ್ಚುಗಳು ಎಂಜಿನ್ನಿನಿಂದ ತಿರುಗುತ್ತಿದ್ದರೆ ಎರಡರ ಅನುಪಾತವೂ ಒಂದೇ ಇರಬೇಕು. ನಾಲ್ಕು ಚಕ್ರಕ್ಕೂ ಬಲ ಹೋಗುವ ಜೀಪಿಗೂ ಇದೇ ಮಾತು. ಇಲ್ಲವಾದರೆ ಒಂದು ಅಚ್ಚು ಇನ್ನೊಂದರ ಜೊತೆ ಜಗಳಕ್ಕೆ ನಿಲ್ಲುತ್ತದೆ.

ಹಲ್ಲಿನಿಂದ ತೀರದ ಸಾಲ

ಸರಿ, ಹೊಂದುವ ಜೋಡಿ ಕೂರಿಸಿದ್ದಾಯಿತು. ಎಳೆತ ಬಂತು, ಎಂಜಿನ್ ಹಿಡಿತ ಬಂತು, ಮೀಟರ್ ಬಹುಪಾಲು ಸರಿಹೋಯಿತು. ಎಲ್ಲ ಮುಗಿಯಿತೆ? ಇಲ್ಲ. ಮೂರನೆಯ ಸಾಲವೊಂದು ಹಾಗೆಯೇ ಉಳಿದಿದೆ: ಬ್ರೇಕಿನದು.

ಕಾಲಿನ ಬ್ರೇಕು ಇರುವುದು ಡಿಫರೆನ್ಷಿಯಲ್ ದಾಟಿದ ಮೇಲೆ, ಚಕ್ರದ ಡ್ರಮ್ಮಿನಲ್ಲಿ. ಕ್ರೌನ್ ಹಲ್ಲು ಎಷ್ಟೇ ಬದಲಿಸಿದರೂ ಅದರ ಪ್ರಯೋಜನ ಡ್ರಮ್ಮಿಗೆ ದೊರೆಯುವುದಿಲ್ಲ. ಡ್ರಮ್ಮು ಹಳೆಯದೇ, ಟೈರಿನ ತ್ರಿಜ್ಯ ಮಾತ್ರ ಹೆಚ್ಚು. ಅದೇ ಒತ್ತಡಕ್ಕೆ ರಸ್ತೆಯ ಮೇಲೆ ಬೀಳುವ ತಡೆಬಲ ನೂರಕ್ಕೆ ಏಳೆಂಟು ಪಾಲು ಕಡಿಮೆ. ಜೊತೆಗೆ ಗಾಡಿಯ ಎತ್ತರ 4 ಸೆಂಟಿಮೀಟರ್ ಏರಿರುತ್ತದೆ. ತಿರುವಿನಲ್ಲಿ ಮಗುಚುವ ಭಯವೂ ಅಷ್ಟು ಹೆಚ್ಚು.

ಇದನ್ನು ಅಂಕಿಗಳಲ್ಲಿ ನೋಡಬಹುದು. ಕೇಂದ್ರ ಮೋಟಾರು ವಾಹನ ನಿಯಮಗಳ 118ನೆಯ ನಿಯಮಕ್ಕೆ 2015ರಲ್ಲಿ ಆದ ತಿದ್ದುಪಡಿಯಂತೆ ಟಿಪ್ಪರ್, ಟ್ಯಾಂಕರ್ ಮತ್ತು ಶಾಲಾ ಬಸ್ಸುಗಳ ವೇಗ ನಿಯಂತ್ರಕವನ್ನು ಗಂಟೆಗೆ 60 ಕಿಲೋಮೀಟರಿಗೆ ಕಟ್ಟಬೇಕು. ಈ ನಿಯಂತ್ರಕವೂ ಗೇರ್‌ಬಾಕ್ಸಿನ ಸುತ್ತನ್ನೇ ಎಣಿಸುವಂಥದಾದರೆ, ಟೈರು ಮಾತ್ರ ಬದಲಿಸಿದ ಗಾಡಿ ಮೀಟರಿನಲ್ಲಿ 60 ತೋರಿಸುತ್ತಾ 65ರಲ್ಲಿ ಓಡುತ್ತಿರುತ್ತದೆ. ಚಲನಶಕ್ತಿ ವೇಗದ ವರ್ಗದಂತೆ ಬೆಳೆಯುವುದರಿಂದ ಆ 5 ಕಿಲೋಮೀಟರಿಗೆ ಶಕ್ತಿ ನೂರಕ್ಕೆ 17 ಪಾಲು ಏರುತ್ತದೆ. ತಡೆಬಲವೋ ಇಳಿದಿದೆ. ಮೂಲ ಗಾಡಿ ಬ್ರೇಕ್ ಹಾಕಿದ ಮೇಲೆ 40 ಮೀಟರಿನಲ್ಲಿ ನಿಲ್ಲುತ್ತಿದ್ದರೆ, ಚಾಲಕ ಅಷ್ಟೇ ಒತ್ತಡದಿಂದ ಬ್ರೇಕ್ ತುಳಿದಾಗ ಈ ಗಾಡಿಗೆ 50 ಮೀಟರ್ ದಾಟುತ್ತದೆ. ಹಲ್ಲಿನ ಜೋಡಿ ಬದಲಿಸಿ, ನಿಯಂತ್ರಕವನ್ನೂ ತಿದ್ದಿ, ವೇಗವನ್ನು ನಿಖರವಾಗಿ 60ಕ್ಕೆ ತಂದರೂ 43 ಮೀಟರ್ ಬೇಕು. ಶಾಲೆಯ ಮುಂದೆ ರಸ್ತೆ ದಾಟುವ ಮಗುವಿಗೆ ಆ ಮೂರು ಮೀಟರ್ ಬಹಳ ದೊಡ್ಡದು.

ಕಾನೂನು ಇಲ್ಲಿ ಬಿಗಿಯಾಗಿರುವುದು ಸುಮ್ಮನೆ ಅಲ್ಲ. ತಯಾರಕರು ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಆದ್ದರಿಂದ ಆ ಮಾದರಿಯ ಗಾಡಿಗೆ ತಯಾರಕರೇ ಒಪ್ಪಿದ ಟೈರು, ಅದಕ್ಕೆ ಅವರೇ ಗೊತ್ತುಮಾಡಿದ ಹಲ್ಲಿನ ಜೋಡಿ, ಅದಕ್ಕೆ ತಕ್ಕ ಬ್ರೇಕು, ಈ ಮೂರೂ ಒಟ್ಟಿಗೆ ಬರಬೇಕು. ಒಂದನ್ನು ಮಾತ್ರ ತಂದು ಉಳಿದೆರಡನ್ನು ಮರೆತರೆ ಆಮೇಲೆ ಪರಿತಪಿಸಬೇಕಾದೀತು.

ಮಕ್ಕಳು ಮಾಡಿ ನೋಡಲು

ಇದನ್ನೆಲ್ಲ ತಿಳಿಯಲು ಲಾರಿಯೇ ಬೇಕೆಂದಿಲ್ಲ. ಮನೆಯಲ್ಲಿ ಚನ್ನಪಟ್ಟಣದ ಮರದ ಬಂಡಿಯಿದ್ದು, ಅದರ ಎರಡು ಚಕ್ರಗಳು ಒಂದೇ ಅಚ್ಚಿಗೆ ಬಿಗಿಯಾಗಿದ್ದರೆ, ನೆಲದ ಮೇಲೆ ಸಣ್ಣ ಸುತ್ತು ಹೊಡೆಸಿ ನೋಡಿ. ಒಂದು ಚಕ್ರ ಉರುಳುವ ಬದಲು ಜಾರುವುದು ಕಾಣುತ್ತದೆ. ಡಿಫರೆನ್ಷಿಯಲ್ ಏಕೆ ಬೇಕೆಂಬುದಕ್ಕೆ ಅದೇ ಉತ್ತರ.

ಇನ್ನು ಸೈಕಲ್. ಹಿಂದಿನ ಟೈರಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಚಕ್ರ ಒಂದು ಸುತ್ತು ಉರುಳುವಷ್ಟು ನೂಕಿ, ನೆಲದ ಮೇಲಿನ ದೂರ ಅಳೆಯಿರಿ. ಅಪ್ಪನ 28 ಇಂಚಿನ ಸೈಕಲ್ಲಿನಲ್ಲಿ ಅದು 2.2 ಮೀಟರಿನಷ್ಟು ಬರುತ್ತದೆ. ತಂಗಿಯ ಚಿಕ್ಕ ಸೈಕಲ್ಲಿನಲ್ಲಿ ಬಹಳ ಕಡಿಮೆ. ಆಮೇಲೆ ಪೆಡಲಿನ ಬಳಿಯ ಹಲ್ಲುಗಳನ್ನೂ ಹಿಂದಿನ ಫ್ರೀವೀಲಿನ ಹಲ್ಲುಗಳನ್ನೂ ಎಣಿಸಿ ಒಂದರಿಂದ ಒಂದನ್ನು ಭಾಗಿಸಿ, ಅಳೆದ ದೂರದಿಂದ ಗುಣಿಸಿ. ಪೆಡಲಿನ ಒಂದು ಸುತ್ತಿಗೆ ಸೈಕಲ್ ಎಷ್ಟು ದೂರ ಹೋಗುತ್ತದೆಂಬುದು ಸಿಗುತ್ತದೆ. ಎರಡು ಸೈಕಲ್ಲುಗಳಲ್ಲಿ ಈ ದೂರ ಯಾವುದರಲ್ಲಿ ಹೆಚ್ಚೋ ಅದು ಏರಿನಲ್ಲಿ ಹೆಚ್ಚು ತುಳಿತ ಬೇಡುತ್ತದೆ. ಅಂಕಿ ಹೇಳಿದ್ದನ್ನು ಕಾಲು ಒಪ್ಪುತ್ತದೆಯೇ ಎಂದು ತುಳಿದೇ ಪರೀಕ್ಷಿಸಬಹುದು.

ಮುಂದೆ ಎಂದಾದರೂ ಶಾಲಾ ವಾಹನಕ್ಕೆ ಹೊಸ ಟೈರು ಬಂದದ್ದು ಕಂಡರೆ, ಅದರ ಪಕ್ಕದಲ್ಲಿ ಅಚ್ಚೊತ್ತಿರುವ ಅಂಕಿಯನ್ನು ಮಕ್ಕಳು ಓದಲಿ. ಹಳೆಯದೇ ಅಳತೆಯೇ ಎಂದು ಹಿರಿಯರು ಕೇಳಲಿ. ಅಷ್ಟು ಕೇಳುವುದಕ್ಕೆ ಎಂಜಿನಿಯರ್ ಆಗಿರಬೇಕಾಗಿಲ್ಲ. ಭಾಗಾಕಾರ ಬಂದರೆ ಸಾಕು.